ತಗ್ಗಿನ ಹೊಲ

“ಗುರುಗಳೇ, ಈ ಸಲ ಹೊಳೆ ನಮ್ಮೂರಿಗೆ ನುಗ್ಗಿತು. ಒಡ್ಡನ್ನು ಇನ್ನೆಷ್ಟು ಎತ್ತರಿಸಿದರೆ ಊರು ಉಳಿದೀತು?” ಎಂದು ಶಿಷ್ಯ ಸಂಗಯ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಹೊಳೆದಂಡೆಯಲ್ಲಿ ಒಂದು ಊರಿತ್ತು. ಊರಿಗೂ ಹೊಳೆಗೂ ನಡುವೆ ಮಣ್ಣಿನ ಒಡ್ಡು. ಪ್ರವಾಹ ಮಿತಿಮೀರಿದರೆ ಒಡ್ಡನ್ನು ಒಂದು ಕಡೆ ಕಡಿದು, ನೀರನ್ನು ತಗ್ಗಿನ ಹೊಲಕ್ಕೆ ಬಿಡುವುದು ಅಲ್ಲಿಯ ರೂಢಿ. ಹೊಲ ಮುಳುಗುತ್ತಿತ್ತು, ಮನೆಗಳು ಉಳಿಯುತ್ತಿದ್ದವು.

ಒಂದು ವರ್ಷ ಹಾಗೆಯೇ ಒಬ್ಬ ರೈತನ ಹೊಲಕ್ಕೆ ನೀರು ಬಿಟ್ಟರು. ತೆನೆ ಕಟ್ಟಿದ ಜೋಳ ನಿಂತಲ್ಲೇ ಕೊಳೆಯಿತು. ನೀರು ಇಳಿದ ಮೇಲೆ ಊರವರು ತಮ್ಮ ತಮ್ಮ ಕೆಲಸಕ್ಕೆ ಹೋದರು. ಅವನ ಮನೆಯ ಕಡೆ ಯಾರೂ ತಲೆ ಹಾಕಲಿಲ್ಲ. ಗಂಡಹೆಂಡಿರು ಪರ ಊರಿಗೆ ಕೂಲಿಗೆ ಹೋಗಿ ಹೇಗೋ ಆ ವರ್ಷ ಕಳೆದರು.

ಕೆಲವು ವರ್ಷಗಳ ಮೇಲೆ ಹೊಳೆ ಮತ್ತೆ ಉಕ್ಕಿತು. ಜನ ಹಾರೆ ಗುದ್ದಲಿ ಹಿಡಿದು ಬಂದರು. ರೈತ ಒಡ್ಡಿನ ಮೇಲೆ ಅಡ್ಡ ನಿಂತಿದ್ದ.

“ದಾರಿ ಬಿಡಪ್ಪಾ, ಊರು ಮುಳುಗುತ್ತದೆ” ಎಂದ ಒಬ್ಬ ನೇಕಾರ.

“ನಾನು ಮುಳುಗಿದಾಗ ಊರು ಎಲ್ಲಿತ್ತು?” ಎಂದ ರೈತ.

ಜನ ಗುದ್ದಲಿಗಳನ್ನು ಕೆಳಗಿಳಿಸಿದರು. ಅವರು ನಿಂತಂತೆಯೇ, ಆಚೆ ನೇಕಾರರ ಕೇರಿಯ ಬಳಿ ಒಡ್ಡು ಒಡೆಯಿತು. ಮನೆ, ಮಗ್ಗ, ನೂಲು ಎಲ್ಲವೂ ನೀರುಪಾಲಾದವು. ಆ ನೇಕಾರನ ವಯಸ್ಸಾದ ತಾಯಿ ಹೊರಗೆ ಬರಲಾಗದೆ ಪ್ರಾಣ ಬಿಟ್ಟಳು. ಹೊಳೆ ರೈತನ ಹೊಲವನ್ನೂ ಬಿಡಲಿಲ್ಲ.

ಆಕೆಯನ್ನು ಹೊತ್ತು ಹೋಗುವಾಗ ರೈತನೂ ಹೆಗಲು ಕೊಟ್ಟ. ಊರಿಗೆ ತಕ್ಕ ಶಾಸ್ತಿಯಾಯಿತೆಂದು ಅವನಿಗೆ ಅನ್ನಿಸಲಿಲ್ಲ. ಮಣ್ಣು ಮಾಡಿ ಬಂದ ನೇಕಾರ ಅವನ ಪಕ್ಕದಲ್ಲಿ ಕುಳಿತು, “ನೀನು ಊರು ಬಿಟ್ಟು ಕೂಲಿಗೆ ಹೋದದ್ದು ನಮಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆವು” ಎಂದ. ರೈತ ಅವನ ಕೈ ಹಿಡಿದು ಅತ್ತ.

ಸುಗ್ಗಿಯಲ್ಲಿ ಊರವರು ದಿಬ್ಬದ ಮೇಲೆ ಒಂದು ಕಣಜ ಕಟ್ಟಿದರು. ಮನೆಮನೆಯಿಂದಲೂ ಅದಕ್ಕೆ ಜೋಳ ಬಂತು. ಯಾರ ಹೊಲಕ್ಕೆ ನೀರು ಬಿಡಬೇಕಾಗುವುದೋ ಆ ಕಾಳು ಆ ಮನೆಗೆ ಎಂದು ಗೊತ್ತುಮಾಡಿದರು.

ಮುಂದೊಮ್ಮೆ ಹೊಳೆ ಏರಿದಾಗ, ಜನ ಬರುವಷ್ಟರಲ್ಲಿ ರೈತ ತಾನೇ ಒಡ್ಡನ್ನು ಅಗೆಯತೊಡಗಿದ್ದ. ಹೊಲ ಮುಳುಗಿತು. ಊರಿನಲ್ಲಿ ಒಂದು ಗೋಡೆಯೂ ಬೀಳಲಿಲ್ಲ. ಆ ವರ್ಷ ರೈತನ ಮನೆಯವರು ಕಣಜದ ಜೋಳ ಉಂಡರು. ಹೊಲ ಆರಿದ ಮೇಲೆ ಬಿತ್ತನೆಗೆ ನೇಕಾರನೂ ಬಂದ. ಅವನು ಹಿಡಿದ ಸಾಲು ಸೊಟ್ಟಗಿತ್ತು; ಯಾರೂ ನಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ನಾವು ಒಡ್ಡು ಎತ್ತರಿಸುವುದು ಬೇಡವೇ?” ಎಂದ ಸಂಗಯ್ಯ.

“ಎತ್ತರಿಸಿರಿ. ಆದರೆ ಮೊದಲು ಇದನ್ನು ಹೇಳು: ನಿಮ್ಮೂರಿನ ತಗ್ಗಿನ ಹೊಲದವನ ಮನೆಯಲ್ಲಿ ಇಂದು ಏನು ಅಡಿಗೆ?”