ಏಳೇಳು ಬಂಡೆ

ಕಿರುಗಲ್ಲುದುರ್ಗದ ಕೋಟೆಬಾಗಿಲು ದಾಟಿ ತೆಂಕಣಕ್ಕೆ ನಡೆದರೆ, ಈಗಿನ ನೀರಿನ ಟ್ಯಾಂಕಿನ ಹಿಂಬದಿಗೆ, ಆನೆಯ ಬೆನ್ನಿನಂತೆ ಇಳಿಜಾರಾದ ದೊಡ್ಡದೊಂದು ಹಾಸುಬಂಡೆ ಸಿಗುತ್ತದೆ. ಅದರ ಬುಡದಲ್ಲಿ ಹುಣಸೆಮರದ ನೆರಳು, ಮುಂದೆ ಕಣದಷ್ಟು ಅಗಲದ ಮರಳುನೆಲ, ಅದರಾಚೆ ಕೆರೆಯ ಏರಿ. ಪಂಚಾಯಿತಿಯವರು ನೆಡಿಸಿದ ಹಳದಿ ಫಲಕದಲ್ಲಿ ‘ಏಳೇಳು ಬಂಡೆ’ ಎಂದು ಬರೆದಿದೆ. ಹೊಸಬರು ಆ ಫಲಕ ಓದಿದೊಡನೆ ಎಣಿಸತೊಡಗುತ್ತಾರೆ. ಏಳೇಳು ನಲವತ್ತೊಂಬತ್ತು ಕುಳಿಗಳು ಇಲ್ಲಿರಲೇಬೇಕೆಂದು ಕಾಲೇಜಿನ ಮೇಷ್ಟರೊಬ್ಬರು ಒಂದು ಭಾನುವಾರವಿಡೀ ಸೀಮೆಸುಣ್ಣ ಹಿಡಿದು ಗುರುತು ಹಾಕಿದ್ದನ್ನು ನಾನೇ ಕಂಡಿದ್ದೇನೆ. ಮೂವತ್ತೊಂದಕ್ಕೆ ಅವರು ಕೈಬಿಟ್ಟರು. ಈ ಹೆಸರಿನಲ್ಲಿ ಎಣಿಕೆಯೇನೂ ಇಲ್ಲ. ನೆಲಕ್ಕೆ ಬಿದ್ದವನಿಗೆ ಹೇಳುತ್ತೇವಲ್ಲ, ಆ ‘ಏಳು’ ಇದು. ನಮ್ಮ ಸೋದರತ್ತೆ ಗಿರಿಯಮ್ಮನವರು ಹೇಳಿದ ಪ್ರಕಾರವೇ ಇಲ್ಲಿ ಬರೆಯುತ್ತಿದ್ದೇನೆ. ಅವರಿಗೆ ಹೇಳಿದವರು ಅವರ ಅಜ್ಜಿ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಕೆರೆ ಎರಡು ಸೀಮೆಗಳಿಗೆ ಸೇರಿತ್ತು. ಬಡಗಣ ತೂಬು ಕಿರುಗಲ್ಲಿನದು, ಮೂಡಣ ತೂಬು ನೇರಳಕೋಟೆಯದು. ನವರಾತ್ರಿ ಮುಗಿದ ಮೇಲೆ ಯಾವ ತೂಬನ್ನು ಮೊದಲು ಎತ್ತಬೇಕೆಂಬ ವಿಷಯಕ್ಕೆ ಎರಡು ಕಡೆಯವರೂ ಬಹಳ ತಲೆ ಒಡೆದುಕೊಂಡಿದ್ದರಂತೆ. ಕೊನೆಗೆ ಹಿರಿಯರು ಸೇರಿ ಒಂದು ಕಟ್ಟು ಮಾಡಿದರು. ಮಹಾನವಮಿಯ ದಿನ ಎರಡು ಸೀಮೆಯ ಜಟ್ಟಿಗಳು ಇದೇ ಮರಳಿನಲ್ಲಿ ಮುಷ್ಟಿಕಾಳಗ ಆಡಬೇಕು. ಗೆದ್ದವನ ಕಡೆಗೆ ಆ ವರ್ಷ ನೀರಿನ ಮೊದಲ ಸರದಿ. ಬೆರಳಿಗೆ ತೊಡುವ, ಕೊಂಬಿನ ಮೊನೆಯ ವಜ್ರಮುಷ್ಟಿ ಇಲ್ಲಿ ನಿಷಿದ್ಧವಾಗಿತ್ತು. ಕಾವಿಯಲ್ಲಿ ಅದ್ದಿದ ನೂಲಿನ ಪಟ್ಟಿಯನ್ನು ಮುಷ್ಟಿಗೆ ಬಿಗಿಯಾಗಿ ಸುತ್ತಿಕೊಂಡು ಹೊಡೆಯಬೇಕು. ಬಿದ್ದವನಿಗೆ ಏಳಲು ಕಾಲಾವಕಾಶವಿತ್ತು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಹರಿವಾಣದಲ್ಲಿ ತೇಲಿಬಿಡುತ್ತಿದ್ದರು. ಬಟ್ಟಲು ತುಂಬಿ ಮುಳುಗುವುದರೊಳಗೆ ಎದ್ದು ನಿಂತರೆ ಕಾಳಗ ಮುಂದುವರಿಯುತ್ತಿತ್ತು, ಇಲ್ಲವಾದರೆ ಸೋಲು.

ಕಿರುಗಲ್ಲಿನ ಪರವಾಗಿ ಇಪ್ಪತ್ತೆರಡು ವರ್ಷ ಕಣಕ್ಕಿಳಿದವನು ಭೈರಜಟ್ಟಿ. ಆಳೆಂದರೆ ಬಾಗಿಲು ತುಂಬುವಷ್ಟು ಆಳು. ಎತ್ತಿನ ನೊಗವನ್ನು ಒಂಟಿ ಭುಜದ ಮೇಲೆ ಹೊತ್ತು ಕೋಟೆಯ ಮೆಟ್ಟಿಲು ಏರುತ್ತಿದ್ದನು ಎನ್ನುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಅವನಿಗಾಗಿ ಬಟ್ಟಲು ತೇಲಿಬಿಡುವ ಪ್ರಸಂಗ ಬಂದಿರಲಿಲ್ಲ. ಊರು ಅವನನ್ನು ಎಷ್ಟು ನೆಚ್ಚಿಕೊಂಡಿತ್ತೆಂದರೆ ಇನ್ನೊಬ್ಬ ಜಟ್ಟಿಯನ್ನು ತಯಾರು ಮಾಡಬೇಕೆಂಬುದೇ ಯಾರಿಗೂ ಹೊಳೆಯಲಿಲ್ಲ. ಐವತ್ತಮೂರನೆಯ ವಯಸ್ಸಿಗೆ ಅವನ ಬಲಗಣ್ಣಿಗೆ ಪೊರೆ ಬಂದಿತ್ತು. ಎಡಭುಜ ಕಿವಿಯ ಮಟ್ಟಕ್ಕಿಂತ ಮೇಲೇಳುತ್ತಿರಲಿಲ್ಲ. ಊಟಕ್ಕೆ ಕೂತಾಗ ತುತ್ತು ಬಾಯಿಗೆ ಹೋಗುವ ಬದಲು ಗಲ್ಲಕ್ಕೆ ತಾಗುವುದನ್ನು ಮೊದಲು ಕಂಡವಳು ಹೆಂಡತಿ ನಿಂಬಮ್ಮ. ಕಂಡೂ ಕಾಣದವಳಂತೆ ಅನ್ನವನ್ನು ಗಟ್ಟಿಯಾಗಿ ಕಲಸಿ ಬಡಿಸತೊಡಗಿದಳು.

ಆ ವರ್ಷ ಮಳೆ ಕಡಿಮೆ. ಕೆರೆ ಅರ್ಧವೂ ತುಂಬಿರಲಿಲ್ಲ. ಎರಡನೆಯ ಸರದಿಗೆ ಉಳಿಯುವುದು ಕೆಸರು ಮಾತ್ರವೆಂಬುದು ಎರಡು ಸೀಮೆಗಳಿಗೂ ಗೊತ್ತಿತ್ತು. ನವರಾತ್ರಿಗೆ ಹದಿನೈದು ದಿನವಿರುವಾಗ ಭೈರಜಟ್ಟಿ ಕೋಟೆಗೆ ಹೋಗಿ, ತನ್ನಿಂದ ಇನ್ನು ಆಗದೆಂದು ದೊರೆಯಲ್ಲಿ ಬಿನ್ನವಿಸಿಕೊಂಡನು. ದೊರೆ ಕೆಂಚನಾಯಕನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಎಳವೆಯಲ್ಲಿ ಇದೇ ಜಟ್ಟಿಯ ಹೆಗಲ ಮೇಲೆ ಕೂತು ಆಡಿದವನು, ಅವನ ಕಾಳಗ ನೋಡುತ್ತಲೇ ಬೆಳೆದವನು. ಅವನು ಜಟ್ಟಿಯ ಕೈ ಹಿಡಿದುಕೊಂಡು ಹೀಗೆಂದನಂತೆ: “ಜಟ್ಟಪ್ಪ, ನೀವು ಹೊಡೆಯುವುದೂ ಬೇಡ. ಕಣದಲ್ಲಿ ನಿಂತರೆ ಸಾಕು. ನಿಮ್ಮನ್ನು ಕಂಡೇ ಅವರು ಹಿಂದೆ ಸರಿಯುತ್ತಾರೆ.” ಅದನ್ನು ಅವನು ಪೂರ್ತಿಯಾಗಿ ನಂಬಿದ್ದನು. ಭೈರಜಟ್ಟಿ ಇನ್ನೊಮ್ಮೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ವೀಳ್ಯದ ತಟ್ಟೆ ಬಂತು. ದೊರೆಯ ವೀಳ್ಯ ಹಿಡಿದ ಮೇಲೆ ಬೇರೆ ಮಾತಿಲ್ಲ. ಮನೆಯಲ್ಲಿ ನಿಂಬಮ್ಮ, ಆಗದು ಎಂದು ಹೇಳಲಿಲ್ಲವೇ ಎಂದು ಕೇಳಿದಳು. “ಹೇಳಿದೆ. ಅವರಿಗೆ ಕೇಳಿಸಲಿಲ್ಲ,” ಎಂದು ಹೇಳಿ ಅವನು ವೀಳ್ಯವನ್ನು ದೇವರ ಮುಂದಿಟ್ಟನು.

ನೇರಳಕೋಟೆಯವರು ಆ ಸಲ ಕರೆತಂದವನು ಚೆಲುವಜಟ್ಟಿ, ಇಪ್ಪತ್ತನಾಲ್ಕರ ಪ್ರಾಯದವನು. ಮಹಾನವಮಿಯ ಇಳಿಹೊತ್ತಿಗೆ ಕಿರುಗಲ್ಲಿನ ಜನವೆಲ್ಲ ಈ ಬಂಡೆಯ ಮೇಲೆ, ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂತಿದ್ದರು. ನೇರಳಕೋಟೆಯವರು ಏರಿಯ ಮೇಲಿದ್ದರು. ಚೆಲುವಜಟ್ಟಿ ಕಣಕ್ಕೆ ಬಂದವನೇ ಭೈರಜಟ್ಟಿಯ ಕಾಲು ಮುಟ್ಟಿ ನಮಸ್ಕರಿಸಿದನು. ಹಿರಿಯವನು ತಲೆ ಸವರಿ ಎಬ್ಬಿಸಿದನು. ಮೊದಲ ಸುತ್ತಿನಲ್ಲಿ ಭೈರಜಟ್ಟಿ ಹಳೆಯ ಅಭ್ಯಾಸದ ಬಲದಿಂದಲೇ ಎರಡೇಟು ತಪ್ಪಿಸಿಕೊಂಡು, ಒಂದನ್ನು ಎದೆಗೆ ಕೊಟ್ಟನು. ಬಂಡೆಯ ಮೇಲಿನವರು ಎದ್ದು ಕುಣಿದರು. ಆದರೆ ಆ ಏಟು ತಾಗಿದ ಚೆಲುವಜಟ್ಟಿ ಒಂದು ಹೆಜ್ಜೆಯೂ ಹಿಂದೆ ಹೋಗಲಿಲ್ಲ. ಅದು ಕಣದಲ್ಲಿದ್ದ ಇಬ್ಬರಿಗೆ ಮಾತ್ರ ತಿಳಿಯಿತು. ಎರಡನೆಯ ಸುತ್ತಿನಲ್ಲಿ, ಪೊರೆ ಬಂದ ಕಣ್ಣಿನ ಬದಿಯಿಂದ ಬಂದ ಮುಷ್ಟಿಯನ್ನು ಭೈರಜಟ್ಟಿ ಕಾಣಲೇ ಇಲ್ಲ. ಅದು ಕಿವಿಯ ಮುಂದಕ್ಕೆ, ದವಡೆಯ ಕೀಲಿಗೆ ಕೂತಿತು. ಅವನು ತತ್ತರಿಸಲೂ ಇಲ್ಲ. ನಿಂತಲ್ಲಿಯೇ ಮಂಡಿ ಮಡಿಚಿ ಮರಳಿನ ಮೇಲೆ ಒರಗಿದನು.

ಕಣದ ಹಿರಿಯನು ಬಟ್ಟಲು ತೇಲಿಬಿಟ್ಟನು. ಆಗ ಬಂಡೆಯ ಮೇಲಿಂದ ಯಾರೋ ಒಬ್ಬರು “ಏಳು” ಎಂದರು. ಮತ್ತೊಬ್ಬರು ಎಂದರು. ಆಮೇಲೆ ಇಡೀ ಬಂಡೆಯೇ ಹೇಳತೊಡಗಿತು: ಏಳು, ಏಳು, ಏಳು. ಆ ದನಿಗೆ ಕೆರೆಯ ಕೊಕ್ಕರೆಗಳು ಹಾರಿಹೋದವಂತೆ. ಕಣಕ್ಕೆ ಹೋಗಬೇಡಿರೆಂದು ಹದಿನೈದು ದಿನ ಅತ್ತಿದ್ದ ನಿಂಬಮ್ಮನ ಬಾಯಿಂದಲೂ “ಏಳಿ, ಏಳಿ” ಎಂಬ ಮಾತೇ ಬರುತ್ತಿತ್ತು. ಎದ್ದರೆ ಮತ್ತೆ ಹೊಡೆತ ತಿನ್ನಬೇಕೆಂಬುದು ಅವಳಿಗೆ ಗೊತ್ತಿತ್ತು. ಏಳದಿದ್ದರೆ ಗಂಡ ಉಳಿದಿದ್ದಾನೋ ಇಲ್ಲವೋ ತಿಳಿಯುವ ಬಗೆ ಬೇರೆ ಇರಲಿಲ್ಲ. ಮರಳಿನ ಮೇಲೆ ಅವನ ಕೈ ಆಡಿತು. ಒಂದು ಮಂಡಿ ಮೇಲೆ ಬಂತು. ಆಗ ಚೆಲುವಜಟ್ಟಿ ಅವನ ಕಿವಿಯ ಬಳಿ ಬಗ್ಗಿ, “ಏಳಬೇಡಿ ದೊಡ್ಡಪ್ಪ, ಸಾಕು,” ಎಂದನು. ಅಷ್ಟು ಜನರಲ್ಲಿ ಆ ಮಾತು ಹೇಳಿದವನು ಅವನೊಬ್ಬನೇ. ಭೈರಜಟ್ಟಿ ಅವನ ಮುಖ ನೋಡಿದನು, ಆದರೂ ಇನ್ನೊಂದು ಕಾಲನ್ನು ಎಳೆದುಕೊಳ್ಳಲು ಹವಣಿಸಿದನು. ಕಾಲು ಬರಲಿಲ್ಲ. ಬಟ್ಟಲು ಮುಳುಗಿತು.

ಅವನು ಸಾಯಲಿಲ್ಲ. ನಾಲ್ಕು ವರ್ಷ ಬದುಕಿದನು. ಬಲಭಾಗ ಸ್ವಾಧೀನ ತಪ್ಪಿತ್ತು, ಮಾತು ತೊದಲುತ್ತಿತ್ತು. ಊರವರಲ್ಲಿ ಯಾರೂ ಅವನನ್ನು ಬಯ್ಯಲಿಲ್ಲ. ಎದುರಿಗೆ ಸಿಕ್ಕರೆ ತಲೆ ತಗ್ಗಿಸಿ ಹೋಗುತ್ತಿದ್ದರು. ಬೆಳಗಾದರೆ ನಿಂಬಮ್ಮ ಅವನನ್ನು ನಡೆಸಿಕೊಂಡು ಬಂದು ಈ ಬಂಡೆಯ ಮೇಲೆ ಕೂರಿಸುತ್ತಿದ್ದಳು. ಮನೆಯೊಳಗೆ ಅವನಿಗೆ ಉಸಿರು ಕಟ್ಟುತ್ತಿತ್ತಂತೆ. ಆ ದಿನ ನಮ್ಮ ಮಾತು ನಿಮಗೆ ಕೇಳಿಸಿತೇ ಎಂದು ಅವಳು ಒಮ್ಮೆ ಕೇಳಿದಳು. ಎಲ್ಲರದೂ ಕೇಳಿಸಿತು, ನಿನ್ನದೂ ಕೇಳಿಸಿತು, ಕಾಲಿಗೆ ಮಾತ್ರ ಕೇಳಿಸಲಿಲ್ಲ ಎಂದನಂತೆ. ಆಮೇಲೆ ಅವಳು ಸಾಯುವವರೆಗೂ ಯಾರನ್ನೂ ‘ಏಳು’ ಎಂದು ಎಬ್ಬಿಸಲಿಲ್ಲ. ಮೈ ತಟ್ಟಿ ಎಬ್ಬಿಸುತ್ತಿದ್ದಳು.

ಸೋತ ವರ್ಷದ ಮಾಘದಲ್ಲಿ ಕೆಂಚನಾಯಕ ಒಬ್ಬನೇ ಬಂದು ಜಟ್ಟಿಯ ಪಕ್ಕದಲ್ಲಿ ಕೂತನು. ಭೈರಜಟ್ಟಿಯೇ ಮೊದಲು ಕೇಳಿದನು: “ಬುದ್ಧಿ, ಗದ್ದೆಗೆ ನೀರು ಬಂತೇ?” ಬಡಗಣ ಕಾಲುವೆ ಅವರಿಬ್ಬರ ಕಣ್ಣೆದುರಿಗೇ ಒಣಗಿ ಬಿರುಕು ಬಿಟ್ಟಿತ್ತು. ನಾಯಕ, “ಬಂತು ಜಟ್ಟಪ್ಪ,” ಎಂದನು. ಭೈರಜಟ್ಟಿ ಕಾಲುವೆಯ ಕಡೆಗೇ ನೋಡುತ್ತ ತಲೆಯಾಡಿಸಿದನು.

ಜಟ್ಟಿ ತೀರಿಕೊಂಡ ಮೇಲೆ ನಾಯಕನು ಕಲ್ಲುಕುಟಿಗರನ್ನು ಕರೆಸಿ ಬಂಡೆಯ ಬುಡದಲ್ಲಿ ಅವನ ರೂಪವನ್ನು ಕೊರೆಸಿದನು. ಕತ್ತಿ ಹಿಡಿಸಲಿಲ್ಲ, ಗೆದ್ದವನಂತೆ ನಿಲ್ಲಿಸಲೂ ಇಲ್ಲ. ಒಂದು ಮಂಡಿ ನೆಲದಲ್ಲಿ, ಒಂದು ಮಂಡಿ ಮೇಲೆ. ಹುಣಸೆಯ ತರಗೆಲೆ ಸರಿಸಿ ನೋಡಿದರೆ ಈಗಲೂ ಕಾಣುತ್ತದೆ. ಮುಖ ಮಳೆಗಾಳಿಗೆ ಮಾಸಿದೆ, ಮುಷ್ಟಿಯ ಪಟ್ಟಿಯ ಗೆರೆಗಳು ಅಳಿಸಿವೆ. ಎಡತೋಳಿನ ಕೆಳಗೆ, ಕಂಕುಳಿನ ಜಾಗದಲ್ಲಿ ಮಾತ್ರ ಕಲ್ಲು ಎಣ್ಣೆ ಹಚ್ಚಿದಂತೆ ನುಣುಪಾಗಿ, ಅಂಗೈಯಷ್ಟು ಒಳಕ್ಕೆ ಸವೆದಿದೆ. ಕಿರುಗಲ್ಲಿನವರು ಆ ದಾರಿಯಲ್ಲಿ ಹೋಗುವಾಗ ಮಾತನಾಡದೆ ಅಲ್ಲಿ ಕೈ ಕೊಟ್ಟು, ಒಂದಿಷ್ಟು ಮೇಲಕ್ಕೆತ್ತುವಂತೆ ಮಾಡಿ, ಮುಂದೆ ಹೋಗುತ್ತಾರೆ.