ಹೆಣ್ಣುಕರು ಬೇಕೆಂದವನು

ಮುರಿಗೆಪ್ಪನೆಂಬ ಶಿಷ್ಯ ಗುರುಗಳನ್ನು ಕೇಳಿದ: "ಗುರುಗಳೇ, ಫಲವನ್ನು ಬಯಸಬೇಡ ಎನ್ನುತ್ತೀರಿ. ಆದರೆ ಇಂಥದೇ ಬೇಕು ಎಂಬ ಆಸೆ ಇದ್ದವನು ತಾನೇ ಮೈಯೆಲ್ಲ ಕಣ್ಣಾಗಿ ಕೆಲಸ ಮಾಡುವುದು?"

ಗುರುಗಳು ಹೇಳತೊಡಗಿದರು.

ಒಬ್ಬ ರೈತನಿಗೆ ಒಂದೇ ಹಸು ಇತ್ತು. ಅದು ಈದದ್ದೆಲ್ಲ ಗಂಡುಕರು. ಈಗ ಅದಕ್ಕೆ ವಯಸ್ಸಾಗಿತ್ತು. ಇನ್ನೊಂದು ಸಲ ಈಯಬಹುದು, ಅಷ್ಟೇ. ಈ ಸಲವೂ ಹೆಣ್ಣಾಗದಿದ್ದರೆ ಮನೆಯಲ್ಲಿ ಹಾಲು ಕರೆಯುವ ಕೆಲಸವೇ ನಿಂತುಹೋಗುತ್ತದೆ ಎಂಬ ಭಯ ಅವನನ್ನು ಹಿಡಿಯಿತು.

ಅವನು ಕಂಡಕಂಡವರನ್ನೆಲ್ಲ ಕೇಳಿದ. ಬೆದೆಗೆ ಬಂದ ಕೂಡಲೇ ಹೋರಿಯ ಬಳಿ ಬಿಟ್ಟರೆ ಹೆಣ್ಣು ಎಂದ ಒಬ್ಬ. ತಡಮಾಡಿ ಬಿಟ್ಟರೆ ಹೆಣ್ಣು ಎಂದ ಇನ್ನೊಬ್ಬ. ಬೇಗವೋ ತಡವೋ ಎಂದು ಯೋಚಿಸುವುದರಲ್ಲೇ ಒಂದು ಸಲದ ಬೆದೆ ಕಳೆದುಹೋಯಿತು. ಮುಂದಿನ ಸಲ ಹಸು ಗಬ್ಬವಾಯಿತು. ಅವನ ದಿಗಿಲು ಮಾತ್ರ ಹೆಚ್ಚಾಯಿತು. ಹಸು ಬಲಕ್ಕೆ ಒರಗಿ ಮಲಗಿದರೆ ಎಬ್ಬಿಸಿ ಎಡಕ್ಕೆ ಮಲಗಿಸುತ್ತಿದ್ದ. ಹಿಂಡಿ, ಬೂಸಾ ಕಡಿಮೆ ಮಾಡಿದರೆ ಹೆಣ್ಣಾಗುತ್ತದೆ ಎಂದು ಯಾರೋ ಅಂದರು. ಅದನ್ನೂ ಮಾಡಿದ.

ದನಗಳ ವೈದ್ಯನೊಬ್ಬ ಆ ದಾರಿಯಲ್ಲಿ ಬಂದವನು ಹಸುವನ್ನು ನೋಡಿ ಗದರಿಸಿದ: "ಗಂಡೋ ಹೆಣ್ಣೋ ಎನ್ನುವುದು ಹೋರಿಯ ಬೀಜದಿಂದ ಬರುವುದು. ಗಬ್ಬ ನಿಂತಾಗಲೇ ಅದು ತೀರ್ಮಾನವಾಗಿಹೋಯಿತು. ಈಗ ನೀನು ಮಾಡಬೇಕಾದದ್ದು ಇದರ ಹೊಟ್ಟೆ ತುಂಬಿಸುವುದು."

ರೈತ ತಲೆಯಾಡಿಸಿದ. ಆದರೆ ನಂಬುವ ಧೈರ್ಯ ಬರಲಿಲ್ಲ. ಅವನ ಹೆಂಡತಿಯೂ ಕೇಳಿಕೊಂಡಳು: "ಹಸು ಬಡವಾಗುತ್ತಿದೆ. ಒಂದು ಹಿಡಿ ಹಿಂಡಿಯಾದರೂ ಹಾಕಿ."

"ಇಷ್ಟು ದಿನ ತಡೆದಿದ್ದೇವೆ, ಇನ್ನು ಸ್ವಲ್ಪ ತಡೆ. ಈಗ ಕೆಡಿಸಬೇಡ" ಎಂದ ಅವನು.

ಒಂದು ಮಧ್ಯಾಹ್ನ ಹಸುವಿಗೆ ನೋವು ಬಂತು. ಹೆಂಡತಿ ನೀರಿಗೆ ಹೋಗಿದ್ದಳು. ಹಸು ಬಹಳ ಹೊತ್ತು ತಿಣುಕಿತು. ಕೊನೆಗೆ ಕರು ಹುಲ್ಲಿನ ಮೇಲೆ ಜಾರಿ ಬಿತ್ತು. ಎದ್ದು ಕರುವನ್ನು ನೆಕ್ಕಲು ಹಸುವಿಗೆ ಶಕ್ತಿ ಇರಲಿಲ್ಲ. ಕತ್ತೆತ್ತಲು ನೋಡಿತು, ಆಗಲಿಲ್ಲ. ರೈತ ಕುಕ್ಕರಗಾಲಲ್ಲಿ ಕೂತು ಕರುವಿನ ಬಾಲ ಎತ್ತಿದ. ಲೋಳೆಯಲ್ಲಿ ಏನೂ ಕಾಣಲಿಲ್ಲ. ಪಂಚೆಯ ಅಂಚನ್ನು ಹಿಡಿದು ಒರೆಸಿದ. ಬಗ್ಗಿ ನೋಡಿದ.

ಅಷ್ಟರಲ್ಲಿ ಹೆಂಡತಿ ಬಂದಳು. ಕೊಡವನ್ನು ಅಲ್ಲೇ ಕೈಬಿಟ್ಟು ಕೂಗಿದಳು: "ಅಲ್ಲೇನು ನೋಡುತ್ತೀರಿ? ಮೂಗು ನೋಡಿ, ಮೂಗು!"

ಕರುವಿನ ಮೂತಿಗೆ ಪೊರೆ ಅಂಟಿಕೊಂಡಿತ್ತು. ಅವಳು ಅದನ್ನು ಹರಿದು ತೆಗೆದಳು. ಬಾಯಿಗೆ ಬೆರಳು ಹಾಕಿ ಲೋಳೆ ಎಳೆದಳು. ಹುಲ್ಲಿನ ಕಡ್ಡಿಯನ್ನು ಮೂಗಿನ ಹೊಳ್ಳೆಗೆ ತೂರಿಸಿದಳು. ಕರು ಅಲುಗಲಿಲ್ಲ. ಪಕ್ಕೆಯನ್ನು ಅಂಗೈಯಿಂದ ಉಜ್ಜುತ್ತಲೇ ಇದ್ದಳು.

ಗುರುಗಳು ಇಷ್ಟು ಹೇಳಿ ನೀರು ಕುಡಿಯಲು ತಂಬಿಗೆ ಎತ್ತಿಕೊಂಡರು. ಮುರಿಗೆಪ್ಪನಿಗೆ ತಡೆಯಲಾಗಲಿಲ್ಲ.

"ಅವನಿಗೆ ಕಂಡದ್ದೇನು ಗುರುಗಳೇ? ಹೆಣ್ಣೋ, ಗಂಡೋ?"

ಗುರುಗಳು ಅವನನ್ನೇ ನೋಡಿ ಹೇಳಿದರು: "ಕರು ಬದುಕಿತು. ಆದರೆ ಅದು ಬದುಕಿತೇ ಎಂದು ನೀನೂ ಕೇಳಲಿಲ್ಲ."