ಕೊಸರಿಲ್ಲದ ಗಂಟು

"ಬುದ್ಧಿ, ನಾಳೆ ಮಠದ ಸಾಮಾನು ಯಾವ ಅಂಗಡಿಯಿಂದ ತರಲಿ?"

ಕೇಳಿದವನು ಚೆನ್ನವೀರ. ಮಠದ ಉಗ್ರಾಣ ಅವನ ಕೈಯಲ್ಲಿತ್ತು. ಮೂವತ್ತು ವರ್ಷದಿಂದ ಮಠದ ಅಕ್ಕಿ, ಬೇಳೆ, ಉಪ್ಪು, ಎಣ್ಣೆ ಎಲ್ಲವೂ ಪೇಟೆಬೀದಿಯ ಒಂದು ಸಣ್ಣ ಗ್ರಂಥಿಗೆ ಅಂಗಡಿಯಿಂದ ಬರುತ್ತಿದ್ದವು. ಈಗ ಊರ ಹೊರಗೆ ದೊಡ್ಡ ಅಂಗಡಿ ಬಂದಿತ್ತು. ಅಂಥವು ನೂರು ಊರಿನಲ್ಲಿವೆಯಂತೆ, ಎಲ್ಲಕ್ಕೂ ಒಂದೇ ಹೆಸರಂತೆ.

"ಅಲ್ಲಿ ಎಲ್ಲಾ ಅಗ್ಗ ಬುದ್ಧಿ. ಅದೇ ಅಕ್ಕಿ, ಅದೇ ಬೇಳೆ. ಉಳಿದದ್ದರಲ್ಲಿ ಇನ್ನೊಂದು ಪಂಕ್ತಿಗೆ ಊಟ ಹಾಕಬಹುದು. ಇದರಲ್ಲಿ ತಪ್ಪೇನಿದೆ?"

ಗುರುಗಳಿಗೆ ಎಂಬತ್ತು ದಾಟಿತ್ತು. ಆ ವರ್ಷ ಅವರು ಮಂಚ ಬಿಟ್ಟು ಎದ್ದದ್ದೇ ಕಡಿಮೆ. "ಕೂತುಕೋ" ಎಂದರು. ಚೆನ್ನವೀರ ಕೂತ. ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಅವನದು ಗ್ರಂಥಿಗೆ ಅಂಗಡಿ. ದಿನಸಿಯೂ ಅಲ್ಲೇ, ನಾರು ಬೇರೂ ಅಲ್ಲೇ, ಪೂಜೆಯ ಸಾಮಾನೂ ಅಲ್ಲೇ. ಕೂತಲ್ಲಿಂದ ಏಳದೆ ಯಾವ ಡಬ್ಬಿಗಾದರೂ ಕೈ ಹಾಕಬಹುದಾದಷ್ಟು ಚಿಕ್ಕ ಅಂಗಡಿ. ವರ್ತಕನ ಮಾತು ಕಡಿಮೆ, ಕೈ ಧಾರಾಳ. ಏನೇ ತೂಗಲಿ, ತೂಗಿದ ಮೇಲೆ ಒಂದು ಚಿಟಿಕೆ ಹೆಚ್ಚಿಗೆ ಹಾಕುತ್ತಿದ್ದ. ಅದು ಕೊಸರು. ಕೊಸರು ಹಾಕಿ "ಹೋಗಿ ಬನ್ನಿ" ಎನ್ನುತ್ತಿದ್ದ. ಕೊಸರಿಲ್ಲದ ವ್ಯಾಪಾರ ಉಪ್ಪಿಲ್ಲದ ಊಟ ಎಂದು ಅವನ ತಂದೆ ಹೇಳಿಕೊಟ್ಟಿದ್ದ.

ಒಂದು ವ್ಯಾಪಾರಕ್ಕೆ ಮಾತ್ರ ಅವನು ಕೊಸರು ಹಾಕುತ್ತಿರಲಿಲ್ಲ. ಊರಲ್ಲಿ ಸಾವಾದರೆ ಆ ಮನೆಯ ಒಬ್ಬ ಬಂದು ಅಂಗಡಿಯ ಮೆಟ್ಟಿಲ ಕೆಳಗೆ ನಿಲ್ಲುತ್ತಿದ್ದ. ಮೇಲೆ ಹತ್ತುತ್ತಿರಲಿಲ್ಲ. ಏನೇನು ಬೇಕೆಂದು ಹೇಳುತ್ತಿರಲಿಲ್ಲ. ಹೇಳಲು ಅವನಿಗೆ ಗೊತ್ತೂ ಇರುತ್ತಿರಲಿಲ್ಲ. ಹೋದವರು ಯಾರು ಎಂದಷ್ಟೇ ಹೇಳುತ್ತಿದ್ದ. ವರ್ತಕನಿಗೆ ಅಷ್ಟು ಸಾಕು. ಹೂಳುವವರಿಗೆ ಏನು, ಸುಡುವವರಿಗೆ ಏನು, ಮುತ್ತೈದೆಗೆ ಏನು, ಮದುವೆಯಾಗದೆ ಹೋದವನಿಗೆ ಏನು, ಎಲ್ಲವೂ ಅವನಿಗೆ ಬಾಯಿಪಾಠ. ಹಿಂದಿನ ಮೂಲೆಯಲ್ಲಿದ್ದ ಮರದ ಪೆಟ್ಟಿಗೆ ತೆರೆದು ಬಿಳಿ ಬಟ್ಟೆ, ಮಡಕೆ, ಹುರಿ, ಎಳ್ಳು, ಕರ್ಪೂರ ತೆಗೆದು ಗಂಟು ಕಟ್ಟಿಕೊಡುತ್ತಿದ್ದ. ಒಂದೂ ಕಡಿಮೆಯಿಲ್ಲ, ಒಂದೂ ಹೆಚ್ಚಿಲ್ಲ. ಆ ಗಂಟಿಗೆ ಒಂದು ಹೆಚ್ಚಿಗೆ ಹಾಕಿದರೆ ಆ ಮನೆಗೆ ಇನ್ನೊಂದು ಸಾವು ಬೇಡಿದಂತೆ. "ಹೋಗಿ ಬನ್ನಿ" ಎನ್ನುವುದಂತೂ ಇಲ್ಲವೇ ಇಲ್ಲ. ಸುಮ್ಮನೆ ಕೈ ಮುಗಿದು, ತಕ್ಕಡಿ ತೊಳೆದು ಮತ್ತೆ ಕೂರುತ್ತಿದ್ದ.

ಇನ್ನೊಂದು ಕಟ್ಟಳೆಯೂ ಇತ್ತು. ಆ ಸಾಮಾನನ್ನು ಸಾವಿಗೆ ಮೊದಲು ಕೊಳ್ಳುವಂತಿಲ್ಲ, ಬದುಕಿರುವವರ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಒಮ್ಮೆ ಹೊಳೆಯಾಚೆಯ ರೈತನೊಬ್ಬ ಬಂದ. ಅಪ್ಪನಿಗೆ ಇವತ್ತೋ ನಾಳೆಯೋ ಎನ್ನುವಂತಿದೆ, ಹೊಳೆ ತುಂಬಿದರೆ ದಾಟಲಾಗುವುದಿಲ್ಲ, ಈಗಲೇ ಕಟ್ಟಿಕೊಡಿ ಎಂದ. ವರ್ತಕ ಸಿಟ್ಟಾದ.

"ಇರೋರಿಗೆ ನಾನು ಮಾರಲ್ಲಪ್ಪ. ಹೋಗಿ ನಿಮ್ಮಪ್ಪನಿಗೆ ಗಂಜಿ ಕುಡಿಸು."

ರೈತ ತಲೆ ತಗ್ಗಿಸಿಕೊಂಡು ಹೋದ. ಊರು ಈ ಮಾತನ್ನು ಮೆಚ್ಚಿಕೊಂಡಿತು. ಮೆಚ್ಚಿದ ಮಾತೇ ಮುಂದೆ ಅವನ ಕೊರಳಿಗೆ ಉರುಳಾಯಿತು.

ಆ ಊರಿಗೂ ದೊಡ್ಡ ಅಂಗಡಿ ಬಂತು. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ, ನಾಲ್ಕು ದಿನ ಕಳೆಯಲಿ ಎಂದು ವರ್ತಕ ಸುಮ್ಮನಿದ್ದ. ನಾಲ್ಕು ದಿನ ಕಳೆಯಿತು, ನಾಲ್ಕು ತಿಂಗಳೂ ಕಳೆಯಿತು. ಅವನ ಅಂಗಡಿಯನ್ನು ಮುಚ್ಚಿಸಬೇಕೆಂದು ಯಾರೂ ಹೊರಟಿರಲಿಲ್ಲ, ಇದನ್ನು ಒಪ್ಪಿಕೊಳ್ಳಬೇಕು. ಉಪ್ಪು ಅಲ್ಲಿ ಅಗ್ಗ ಎಂದು ಹೋದರು. ಹೋದ ಮೇಲೆ ಬೇಳೆಗೆ ಇನ್ನೊಂದು ಕಡೆ ಯಾಕೆ ಎಂದು ಅದನ್ನೂ ಅಲ್ಲೇ ಕೊಂಡರು. ಬೆಲ್ಲ ಹೋಯಿತು, ಎಣ್ಣೆ ಹೋಯಿತು, ಹಬ್ಬದ ಅರಿಸಿನ ಕುಂಕುಮವೂ ಹೋಯಿತು. ವರ್ತಕ ನೊಣ ಹೊಡೆಯುತ್ತಾ ಕೂತ.

ಸಾವಿನ ಸಾಮಾನು ಮಾತ್ರ ಅಲ್ಲಿ ಸಿಗುತ್ತಿರಲಿಲ್ಲ. ತಣ್ಣನೆ ಗಾಳಿ ಬೀಸುವ ಅಂಗಡಿಯಲ್ಲಿ ಚಟ್ಟದ ಹುರಿಯನ್ನು ಯಾರು ಇಡುತ್ತಾರೆ? ಹಾಗಾಗಿ ಅದೊಂದಕ್ಕೆ ಊರು ಅವನಲ್ಲಿಗೇ ಬರುತ್ತಿತ್ತು. ಮೊದಲು ಮದುಮಗಳ ಅರಿಸಿನವೂ ಹೆಣದ ಅರಿಸಿನವೂ ಒಂದೇ ಡಬ್ಬಿಯಿಂದ ಹೋಗುತ್ತಿದ್ದವು, ಯಾರಿಗೂ ಏನೂ ಅನಿಸುತ್ತಿರಲಿಲ್ಲ. ಈಗ ಆ ಅಂಗಡಿಯಲ್ಲಿ ಸಾವೊಂದೇ ಉಳಿಯಿತು. ಕೆಲಸಕ್ಕೆ ಹೊರಟವರು ಅದರ ಮುಂದೆ ಹಾಯುವಾಗ ಮುಖ ತಿರುಗಿಸಿದರು. ಬೆಳಿಗ್ಗೆ ವರ್ತಕ ಎದುರಿಗೆ ಬಂದರೆ ಅಪಶಕುನ ಎಂದು ಮನೆಗೆ ಮರಳಿ, ನೀರು ಕುಡಿದು, ಮತ್ತೆ ಹೊರಟವರೂ ಇದ್ದರು. ಒಬ್ಬ ವರ್ತಕ ಬದುಕಬೇಕಾದರೆ ಒಂದು ಊರಿನಲ್ಲಿ ತಿಂಗಳಿಗೆ ಎಷ್ಟು ಜನ ಸಾಯಬೇಕು? ಆ ಪೆಟ್ಟಿಗೆಯನ್ನು ಅಷ್ಟು ವರ್ಷ ಸಾಕಿದ್ದು ಉಪ್ಪು ಮತ್ತು ಬೆಲ್ಲ. ಊರು ಅವೆರಡನ್ನು ಕಿತ್ತುಕೊಂಡು ಪೆಟ್ಟಿಗೆ ಇರಲಿ ಎಂದಿತು.

ಮುಚ್ಚಿಬಿಡು ಎಂದು ನೆಂಟರು ಹೇಳಿದರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಟಮಾರಿ ಎಂದರು. ಅದು ಹಟವಲ್ಲ. ಅವನ ಹೆಂಡತಿ ಹಾಸಿಗೆ ಹಿಡಿದು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಒಂದು ಮಧ್ಯಾಹ್ನ ಅವನು ಗಂಜಿ ಕುಡಿಸುತ್ತಿದ್ದಾಗ ಅವಳು ಅವನ ಕೈ ಹಿಡಿದುಕೊಂಡಳು.

"ಊರಿಗೆಲ್ಲ ಕಟ್ಟಿಕೊಟ್ಟಿದೀರಿ. ನಂದೂ ನಿಮ್ಮ ಕೈಯಾರೆ ಕಟ್ಟಿ. ಏನೂ ಕಮ್ಮಿ ಮಾಡ್ಬೇಡಿ."

"ಬಿಡ್ತು ಅನ್ನು" ಎಂದು ಗದರಿದ.

ಅವಳು ಬಿಡ್ತು ಎನ್ನಲಿಲ್ಲ. ಅವನು ಹೂಂ ಎನ್ನುವವರೆಗೆ ಕೈ ಬಿಡಲಿಲ್ಲ. ಕೊನೆಗೆ ಅವನು ಹೂಂ ಎಂದ.

ಅವಳು ಹೋಗುವ ದಿನ ಅಂಗಡಿ ತೆರೆದಿರಬೇಕು, ಪೆಟ್ಟಿಗೆಯಲ್ಲಿ ಸಾಮಾನಿರಬೇಕು. ಅವನಿಗೆ ಬೇಕಾಗಿದ್ದುದು ಅಷ್ಟೇ. ಇದನ್ನು ಯಾರಿಗೂ ಹೇಳುವಂತಿರಲಿಲ್ಲ. ಹೇಳಿದರೆ ಹೆಂಡತಿಯ ಸಾವಿಗೆ ಕಾದು ಕೂತವನಾಗುತ್ತಾನೆ. ಬೆಳಿಗ್ಗೆ ಬಾಗಿಲು ತೆರೆಯುವಾಗ ಇವತ್ತೂ ತೆರೆದೆನಲ್ಲ ಎಂದು ಅವನಿಗೆ ಸಮಾಧಾನವಾಗುತ್ತಿತ್ತು, ಆ ಸಮಾಧಾನಕ್ಕೆ ತಾನೇ ನಾಚುತ್ತಿದ್ದ. ಸಂಜೆ ಮನೆಗೆ ಹೋಗಿ ಅವಳು ಉಸಿರಾಡುತ್ತಿರುವುದನ್ನು ನೋಡಿ ಅಳುತ್ತಿದ್ದ.

ಒಂದು ದಿನ ವರ್ತಕ ಬಾಡಿಗೆಗಿದ್ದ ಅಂಗಡಿ ಸಾಲಿನ ಯಜಮಾನ ಬಂದ. ದೊಡ್ಡ ಅಂಗಡಿಗೆ ಬರುವವರ ಗಾಡಿಗಳಿಗೆ ಜಾಗ ಸಾಲದು, ಸಾಲು ಪೂರ್ತಿ ಕೆಡವಿಸುತ್ತೇನೆ ಎಂದ. ವರ್ತಕ ಒಂದು ತಿಂಗಳು ಕೇಳಿದ, ಯಜಮಾನ ಒಂದು ವಾರ ಕೊಟ್ಟ. ಕೊನೆಯ ದಿನ ಊರಿನ ಕೆಲವರು ಬಂದು ನಿಂತರು. "ಛೆ, ಎಂಥಾ ಅಂಗಡಿ, ಮುಚ್ಚಬಾರದಿತ್ತು" ಎಂದರು. ಅವರ ಕಣ್ಣಲ್ಲಿ ನೀರೂ ಇತ್ತು, ಕೈಯಲ್ಲಿ ದೊಡ್ಡ ಅಂಗಡಿಯ ಚೀಲವೂ ಇತ್ತು.

ಎಲ್ಲರೂ ಹೋದ ಮೇಲೆ ವರ್ತಕ ಪೆಟ್ಟಿಗೆ ತೆರೆದ. ಒಬ್ಬ ಮುತ್ತೈದೆಗೆ ಆಗುವಷ್ಟು ಎಲ್ಲವೂ ಇದ್ದವು. ಮಡಕೆ ಇತ್ತು. ಹಸಿರು ಗಾಜಿನ ಬಳೆ ಇದ್ದವು. ಬಹಳ ಹೊತ್ತು ನೋಡಿದ. ಮನೆಗೆ ಒಯ್ದು ಅಟ್ಟದ ಮೇಲಿಟ್ಟರೆ ಕೇಳುವವರು ಯಾರು? ಆದರೆ ಹೊಳೆಯಾಚೆಯ ರೈತನ ಮುಖ ಅವನಿಗೆ ನೆನಪಾಯಿತು. ಅವನು ಊರಿಗೊಂದು ನ್ಯಾಯ, ತನಗೊಂದು ನ್ಯಾಯ ಎನ್ನುವ ಮನುಷ್ಯನಲ್ಲ. ಎಲ್ಲವನ್ನೂ ಹೊಳೆಗೆ ಒಯ್ದು ಬಿಟ್ಟ. ಮಡಕೆ ಸ್ವಲ್ಪ ದೂರ ತೇಲಿ, ನೀರು ತುಂಬಿಕೊಂಡು ಮುಳುಗಿತು.

ಹದಿನೇಳನೆಯ ದಿನ ಬೆಳಿಗ್ಗೆ ಹೆಂಡತಿ ತೀರಿಕೊಂಡಳು.

ನೆರೆಯವರು ಬಂದು ಏನೇನು ತರಬೇಕೆಂದು ಕೇಳಿದರು. ಏನೇನು ಎಂದು ಅವನೊಬ್ಬನಿಗೇ ಗೊತ್ತು, ಎಲ್ಲಿ ಎಂದು ಅವನಿಗೂ ಗೊತ್ತಿಲ್ಲ. ಮೊದಲು ಕುಂಬಾರನ ಮನೆಗೆ ಹೋದ. ಕುಂಬಾರ ಮಡಕೆ ಹಾಕುತ್ತಿದ್ದದ್ದು ಅವನ ಅಂಗಡಿ ಒಂದಕ್ಕೇ. ಅಂಗಡಿ ಮುಚ್ಚಿದ ವಾರವೇ ತಿಗರಿ ಬಿಚ್ಚಿಟ್ಟು ಮಗಳ ಊರಿಗೆ ಹೋಗಿದ್ದ. ಬಾಗಿಲಿಗೆ ಬೀಗವಿತ್ತು. ವರ್ತಕ ದೊಡ್ಡ ಅಂಗಡಿಗೆ ಹೋದ.

ಮೆಟ್ಟಿಲ ಕೆಳಗೆ ನಿಲ್ಲಬೇಕೆಂದು ಮೆಟ್ಟಿಲು ಹುಡುಕಿದ. ಮೆಟ್ಟಿಲಿರಲಿಲ್ಲ. ಬಾಗಿಲು ತಾನಾಗಿಯೇ ತೆರೆದುಕೊಂಡಿತು. ಒಳಗೆ ಒಬ್ಬ ಹುಡುಗಿ ಬಂದು ಏನು ಬೇಕು ಎಂದು ಕೇಳಿದಳು. ಯಾರು ಹೋದರು ಎಂದು ಹೇಳಬೇಕು. ಅಷ್ಟು ಬೆಳಕಿನಲ್ಲಿ, ಅಷ್ಟು ಜನರ ನಡುವೆ ಅವನಿಗೆ ಬಾಯಿ ಬರಲಿಲ್ಲ. ಒಂದೊಂದೇ ಸಾಮಾನಿನ ಹೆಸರು ಹೇಳಿದ. ಅವಳಿಗೆ ಅವೆಲ್ಲ ಯಾತಕ್ಕೆಂದು ಗೊತ್ತಿರಲಿಲ್ಲ. ಹಸಿರು ಗಾಜಿನ ಬಳೆ ಇರಲಿಲ್ಲ, ಮಕ್ಕಳ ಪ್ಲಾಸ್ಟಿಕ್ ಬಳೆ ಇದ್ದವು. ಹುರಿ ಇರಲಿಲ್ಲ, ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಇತ್ತು.

"ಮಡಕೆ ಇಲ್ಲ ಅಜ್ಜಾ. ಗಿಡ ಹಾಕೋ ಕುಂಡ ಇದೆ, ಕೊಡ್ಲಾ?"

"ಕೊಡಮ್ಮ."

ಕರ್ಪೂರ ಸಿಕ್ಕಿತು. ಒಂದು ಕೊಂಡರೆ ಇನ್ನೊಂದು ಉಚಿತ ಎಂದು ಅದರ ಮೇಲೆ ಬರೆದಿತ್ತು. ಒಂದೇ ಸಾಕು ಎಂದು ಅವನು ಕೈಮುಗಿದು ಹೇಳಿದ. ಪಾಪ, ಮುದುಕನಿಗೆ ಸಂಕೋಚ ಎಂದುಕೊಂಡು ಹುಡುಗಿ ಎರಡನೆಯದನ್ನು ತಾನೇ ಚೀಲಕ್ಕೆ ಹಾಕಿದಳು. ಒಳ್ಳೆಯ ಹುಡುಗಿ. ಚೀಲ ಭಾರವೆಂದು ಬಾಗಿಲವರೆಗೆ ಹಿಡಿದುಕೊಂಡು ಬಂದಳು. ಬಂದವರಿಗೆಲ್ಲ ಹೇಳಬೇಕೆಂದು ಅವಳಿಗೆ ಕಲಿಸಿದ್ದ ಮಾತನ್ನು ನಗುತ್ತಾ ಹೇಳಿದಳು.

"ಮತ್ತೆ ಬನ್ನಿ ಅಜ್ಜಾ."

ಐವತ್ತು ವರ್ಷ ತನ್ನ ಬಾಯಿಂದ ಯಾವ ಸಾವಿನ ಮನೆಗೂ ಬಾರದಂತೆ ಅವನು ಕಾದುಕೊಂಡಿದ್ದ ಮಾತು ಅದು.

ಕುಂಡದ ತಳದಲ್ಲಿ ತೂತಿತ್ತು. ಗಿಡದ ನೀರು ಬಸಿಯಬೇಕಲ್ಲ. ವರ್ತಕ ತನ್ನ ಹೆಗಲ ಮೇಲಿನ ಟವೆಲು ಹರಿದು ತೂತಿಗೆ ತುರುಕಿ, ಬೆಂಕಿ ಹಾಕಿಕೊಂಡು ಹೆಣದ ಮುಂದೆ ನಡೆದ. ಬೀದಿ ದಾಟುವುದರೊಳಗೆ ಟವೆಲು ಸುಟ್ಟಿತು. ಕೆಂಡಗಳು ಒಂದೊಂದಾಗಿ ದಾರಿಯ ಮೇಲೆ ಬಿದ್ದವು. ಹಿಂದೆ ಚಟ್ಟ ಹೊತ್ತವರು ಕೆಂಡ ತುಳಿಯದಂತೆ ಆಚೆ ಈಚೆ ಕಾಲಿಟ್ಟರು, ಹೆಣ ಅಲುಗಿತು. ಮಸಣ ಸೇರಿದಾಗ ಕುಂಡದಲ್ಲಿ ಬೂದಿಯಿತ್ತು, ಬೆಂಕಿಯಿರಲಿಲ್ಲ. ಯಾರೋ ಬೀಡಿಯ ಬೆಂಕಿಪೆಟ್ಟಿಗೆ ಕೊಟ್ಟರು. ಹಸಿರು ಬಳೆಯಿಲ್ಲದ ಬರಿಗೈಯಲ್ಲಿ ಅವಳು ಹೋದಳು. ಏನೂ ಕಮ್ಮಿ ಮಾಡಬೇಡಿ ಎಂದಿದ್ದಳು.

ಮನೆಗೆ ಬಂದು ಚೀಲ ಬಗ್ಗಿಸಿದಾಗ ಆ ಎರಡನೆಯ ಕರ್ಪೂರ ಬಿತ್ತು. ಮನೆಯಲ್ಲಿ ಇದ್ದವನು ಅವನೊಬ್ಬನೇ. ಅದು ಯಾರ ಪಾಲಿನದು ಎಂದು ಅವನಿಗೆ ಯಾರೂ ಹೇಳಬೇಕಾಗಲಿಲ್ಲ. ಎಸೆಯಲಿಲ್ಲ, ಗೂಡಿನಲ್ಲಿಟ್ಟ. ಮೂರು ತಿಂಗಳಿಗೆ ಅವನೂ ಹೋದ. ಏನೇನು ತರಬೇಕೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಎಲ್ಲವನ್ನೂ ಹುಡುಕಿದರು. ಹುಡುಕದೆ ಸಿಕ್ಕಿದ್ದು ಆ ಕರ್ಪೂರ ಒಂದೇ.

ಗುರುಗಳು ಕತೆ ನಿಲ್ಲಿಸಿದರು. ಇಷ್ಟು ಮಾತಾಡಿದ್ದಕ್ಕೆ ಅವರಿಗೆ ದಮ್ಮು ಬಂದಿತ್ತು. ಚೆನ್ನವೀರ ಅವರ ಬೆನ್ನಿಗೆ ದಿಂಬು ಕೊಟ್ಟ, ನೀರು ಕುಡಿಸಿದ. ಅವನ ಕಣ್ಣು ಒದ್ದೆಯಾಗಿತ್ತು. ಆದರೆ ಅವನು ಉಗ್ರಾಣದವನು, ನಾಳೆ ಬೆಳಿಗ್ಗೆ ಒಲೆ ಹೊತ್ತಬೇಕು.

"ಹಾಗಾದರೆ ಬುದ್ಧಿ, ನಾಳೆ ಎಲ್ಲಿಗೆ ಹೋಗಲಿ?"

ಗುರುಗಳು ಅವನ ಮುಖವನ್ನೇ ನೋಡಿದರು.

"ನಾನು ಹೋದ ದಿನ ಯಾವ ಅಂಗಡಿಗೆ ಓಡುತ್ತೀಯೋ, ನಾಳೆಯೂ ಅಲ್ಲಿಗೇ ಹೋಗಪ್ಪ."